ಮೂರು ಹಿಡಿ ಹೊಟ್ಟು

ಹಿರೇವಡ್ಡಟ್ಟಿಯ ಶಾಲೆಗೆ ಮಾಸ್ತರನಾಗಿ ಬಂದ ಹೊಸತರಲ್ಲಿ, ನನ್ನಷ್ಟು ತಿಳಿದವನು ಮುಂಡರಗಿ ಸೀಮೆಯಲ್ಲೇ ಇಲ್ಲ ಎಂದುಕೊಂಡಿದ್ದೆ. ಧಾರವಾಡದಲ್ಲಿ ತರಬೇತಿ ಮುಗಿಸಿ ಬಂದವನು ನಾನು. ಮಕ್ಕಳು ಕೈಯಿಂದ ಮಾಡಿ ಕಲಿಯಬೇಕು, ಬಾಯಿಪಾಠದ ವಿದ್ಯೆ ಬಾಯಲ್ಲೇ ಉಳಿಯುತ್ತದೆ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಮಾತು ನಿಜವೇ. ಆದರೆ ಮಾಸ್ತರನ ಕೈಗೇ ಏನೂ ಬರದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮುಳಗುಂದದ ಅರಿವೆ ಅಂಗಡಿಯವರ ಮಗ ನಾನು. ಮಣ್ಣೆಂದರೆ ಹೊಸ್ತಿಲಲ್ಲಿ ಒರೆಸಿಕೊಂಡು ಒಳಗೆ ಬರುವ ವಸ್ತು ಎಂಬಷ್ಟೇ ಗೊತ್ತಿತ್ತು.

ಅದು ೧೯೫೬ರ ಅಕ್ಟೋಬರ್. ನವೆಂಬರ್ ಒಂದಕ್ಕೆ ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾಗುವುದು ನಿಶ್ಚಯವಾಗಿತ್ತು. ನಾಲ್ಕನೇ ಇಯತ್ತೆಯ ಮಕ್ಕಳಿಗೆ ಅದನ್ನು ತೋರಿಸಲು, ಶಾಲೆಯ ಬೇವಿನ ಮರದ ಕೆಳಗೆ ಒಂದು ಹೊರಸು ಮಂಚದಷ್ಟು ದೊಡ್ಡ ಮಣ್ಣಿನ ನಕಾಶೆ ಮಾಡಿಸಲು ಹೊರಟೆ. ಎರೆಮಣ್ಣಿನ ನೆಲ, ಕೆಂಪು ಮಸಾರಿ ಮಣ್ಣಿನ ಕಪ್ಪತಗುಡ್ಡ, ಬೆರಳಲ್ಲಿ ಕೊರೆದ ತುಂಗಭದ್ರೆ, ಊರಿಗೊಂದು ಹತ್ತಿಕಾಳು. ಅದರ ಮೇಲೆ ಬೂದಿಯ ಗೆರೆ. ಗೆರೆಯ ಈಚೆ ನಾವು, ಮುಂಬಯಿ ರಾಜ್ಯ. ಆಚೆ ಕೊಪ್ಪಳದ ಕಡೆ ಹೈದರಾಬಾದು ರಾಜ್ಯ. ಒಂದನೇ ತಾರೀಖು ಮಕ್ಕಳೇ ಆ ಗೆರೆ ಅಳಿಸಬೇಕು ಎಂಬುದು ನನ್ನ ಯೋಜನೆ.

ಮಣ್ಣು ಕಲಸುವಾಗ ಹನಮಂತವ್ವ ಎಂಬ ಹುಡುಗಿ ತಲೆ ಎತ್ತಿದಳು. ಕೇಳದೆ ಬಿಡುವ ಪೈಕಿಯಲ್ಲ ಅವಳು.

"ಮಾಸ್ತರ್ರ, ಹೊಟ್ಟು ಹಾಕಬೇಕ್ರಿ. ಬರೇ ಎರಿಮಣ್ಣು ಒಣಗಿದ ಮ್ಯಾಲೆ ಬಿರಿತೈತ್ರಿ."

"ನಾವೇನು ಗ್ವಾಡಿ ಕಟ್ಟಾಕತ್ತೀವೇನ? ಇದು ಭೂಗೋಳ. ಸುಮ್ನ ಕಲಸು," ಎಂದೆ.

ಅದೇ ಹೊತ್ತಿಗೆ ಅವಳ ತಾಯಿ ಉಡಚವ್ವ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬರಬೇಕೇ! ಮೊಣಕೈವರೆಗೆ ಮಣ್ಣು ಮೆತ್ತಿಕೊಂಡ ಮಗಳನ್ನು ನೋಡಿ ಅವಳ ಮುಖ ಬಿಗಿಯಿತು.

"ಇದೇನ್ರಿ ಮಾಸ್ತರ್ರ? ಮಣ್ಣು ಕಲಸೂದು ನಮ್ಮ ಮನ್ಯಾಗೂ ಐತಿ. ಅದಕ್ಕ ಸಾಲಿ ಯಾಕ ಬೇಕು? ನಾ ಹೊಲಕ್ಕ ಹೋದ್ರ ಕೂಸಿನ್ನ ಹಿಡಿಯವರಿಲ್ಲ."

"ಅಕ್ಕಾರ, ಇದು ಕಲಿಯೂ ಹೊಸ ಪದ್ಧತಿ."

"ಆತು. ದೀಪಾವಳಿ ಹಟ್ಟಿ ಹಬ್ಬದ ಮಟ ಕಳಸ್ತೀನಿ. ಅಷ್ಟರಾಗ ಮನ್ಯಾಗ ಬರಲಾರದ್ದು ಒಂದ ಒಂದು ಇಲ್ಲಿ ಕಲ್ತಾಳಂತ ನನಗ ತೋರಸ್ರಿ. ಇಲ್ಲಂದ್ರ ಹಬ್ಬ ಆದಮ್ಯಾಲೆ ಸಾಲಿ ಬಿಡಸ್ತೀನಿ."

ಹನಮಂತವ್ವ ಅಳಲಿಲ್ಲ. ಮಣ್ಣನ್ನು ಇನ್ನೂ ಜೋರಾಗಿ ನಾದತೊಡಗಿದಳು. ಅದನ್ನು ನೋಡಿ ನನಗೇ ಸಂಕಟವಾಯಿತು. ಅಂಥ ಹುಡುಗಿ ಶಾಲೆ ಬಿಟ್ಟರೆ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳುವವರೇ ಉಳಿಯುತ್ತಿರಲಿಲ್ಲ.

ನಾಲ್ಕು ದಿನ ಚೆನ್ನಾಗಿ ಬಿಸಿಲು ಬಿತ್ತು. ಐದನೆಯ ದಿನ ಬಂದು ನೋಡಿದರೆ ಗದುಗಿನಿಂದ ಹೊರಟ ಒಂದು ಬಿರುಕು ಲಕ್ಷ್ಮೇಶ್ವರ ಮುಟ್ಟಿತ್ತು. ಇನ್ನೊಂದು ಶಿರಹಟ್ಟಿಯನ್ನು ನುಂಗಿತ್ತು. ಮಲ್ಲಸಮುದ್ರದ ಹತ್ತಿಕಾಳು ಸಂದಿಯಲ್ಲಿ ಬಿದ್ದು ಕಾಣದಾಗಿತ್ತು. ನಾಡು ಒಂದಾಗುವುದನ್ನು ತೋರಿಸಲು ಹೋದ ನಾನು ಅದನ್ನು ಏಳು ಹೋಳು ಮಾಡಿಟ್ಟಿದ್ದೆ! ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹನಮಂತವ್ವ ಮಾತ್ರ ನಗಲಿಲ್ಲ. ಅವಳಿಗೆ ನನ್ನ ಮೇಲೆ ಕನಿಕರ ಬಂದಿತ್ತು. ಅದು ನಗುವಿಗಿಂತ ಹೆಚ್ಚು ಚುಚ್ಚಿತು.

"ಎಷ್ಟು ಹೊಟ್ಟು ಹಾಕಬೇಕಲೇ?" ಎಂದು ಕೇಳಿದೆ.

"ಗೊತ್ತಿಲ್ರಿ. ಅವ್ವ ಕೈಯಳತಿ ಮ್ಯಾಲೆ ಹಾಕತಾಳ."

ಕಡೆಗೂ ನನ್ನ ತಲೆ ಕೆಲಸ ಮಾಡಿತು. "ಹಂಗಾದ್ರ ಮಣ್ಣನ್ನ ಕೇಳು," ಎಂದೆ. ಆರು ಆರು ಹಿಡಿ ಎರೆಮಣ್ಣಿನಲ್ಲಿ ರೊಟ್ಟಿಯಂಥ ನಾಲ್ಕು ಬಿಲ್ಲೆ ಮಾಡಿದಳು. ಒಂದಕ್ಕೆ ಹೊಟ್ಟೇ ಇಲ್ಲ, ಒಂದಕ್ಕೆ ಒಂದು ಹಿಡಿ, ಒಂದಕ್ಕೆ ಮೂರು, ಒಂದಕ್ಕೆ ಐದು. ಕಡ್ಡಿಯಿಂದ ಮೇಲೆ ಅಂಕಿ ಕೊರೆದು ಬಿಸಿಲಿಗಿಟ್ಟಳು. ಒಣಗಿದ ಮೇಲೆ ತಾನಾಗಿಯೇ ಪ್ರತಿಯೊಂದನ್ನೂ ಮುರಿದು, ಅರ್ಧದ ಮೇಲೆ ನೀರು ಸುರಿದು ನೋಡಿದಳು. ಅದನ್ನು ನಾನು ಹೇಳಿರಲಿಲ್ಲ.

ಇತ್ತ ಇಡೀ ನಕಾಶೆಗಾಗುವಷ್ಟು ಹೊಟ್ಟು ಬೇಕಲ್ಲ, ಉಡಚವ್ವನ ಮನೆಗೆ ಹೋದೆ. ಹೋದರೆ ಮನೆಯ ವಿದ್ಯೆಯೇ ಮೇಲೆಂದು ನಾನೇ ಒಪ್ಪಿಕೊಂಡಂತೆ. ಹೋಗದಿದ್ದರೆ ನಕಾಶೆಯೇ ಇಲ್ಲ. ಸಂಗತಿ ಕೇಳಿ ಆಕೆ ಸೆರಗು ಬಾಯಿಗೆ ಒತ್ತಿ ನಕ್ಕಳು.

"ಅಯ್ಯ ಶಿವನ! ಬರೇ ಎರಿಮಣ್ಣು ಹಾಕಿದ್ರ್ಯಾ? ಎಷ್ಟು ಕಲ್ತಿದ್ರೇನು ಬಂತ್ರಿ?"

ನಕ್ಕರೂ, ಭಾನುವಾರ ಒಂದು ಬುಟ್ಟಿ ಜೋಳದ ಹೊಟ್ಟು ಹೊತ್ತುಕೊಂಡು ತಾನೇ ಬಂದಳು. ಸೀರೆ ಮೇಲೆ ಕಟ್ಟಿ, ಕಾಲಿನಿಂದ ಮಣ್ಣು ತುಳಿದು, ಹೊಟ್ಟು ಬಾಚಿ ಬಾಚಿ ಹಾಕತೊಡಗಿದಳು.

"ಸಾಕಬೇ ಯವ್ವಾ, ಹೆಚ್ಚಾತು," ಎಂದಳು ಹನಮಂತವ್ವ.

"ಹೌದಾ? ನೀ ಹುಟ್ಟೂಕಿಂತ ಮದ್ಲಿಂದ ಗ್ವಾಡಿ ಮೆತ್ತಾಕತ್ತೀನಿ ನಾನು."

ಹುಡುಗಿ ಬಿಲ್ಲೆಗಳ ಚೂರುಗಳನ್ನು ತಂದು ತಾಯಿಯ ಮುಂದೆ ಸಾಲಾಗಿ ಇಟ್ಟಳು. "ಹೊಟ್ಟಿಲ್ಲದ್ದು ಬಿರೀತು. ಒಂದು ಹಿಡಿದೂ ಬಿರೀತು. ಮೂರರದ್ದು ಬಿರೀಲಿಲ್ಲ, ನೀರಿಗೂ ತಡೀತು. ಐದರದ್ದು ಬಿರೀಲಿಲ್ಲ ಖರೆ, ನೀರು ಬಿದ್ರ ಕರಗತೈತಿ. ನೀ ಹಾಕೂದು ಐದರಂಗ. ನಮ್ಮ ಹಿತ್ತಲ ಗ್ವಾಡಿ ವರ್ಷಾ ಮಳಿಗಾಲಕ್ಕ ಬೀಳೂದು ಅದಕ್ಕ."

ಮಾಸ್ತರನ ಮುಂದೆ ತಾಯಿಯ ಗೋಡೆಯಲ್ಲಿ ತಪ್ಪು ಹಿಡಿದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಉಡಚವ್ವ ಐದರ ಚೂರನ್ನು ಕೈಗೆತ್ತಿಕೊಂಡು ತಂಬಿಗೆಯ ನೀರು ಸುರಿದಳು. ಮಣ್ಣು ಬೆರಳ ಸಂದಿಯಿಂದ ಇಳಿದು ಹೋಯಿತು. ಮೂರರದ್ದಕ್ಕೆ ಸುರಿದಳು, ಅದು ನಿಂತಿತು. ಬುಟ್ಟಿಯನ್ನು ಪಕ್ಕಕ್ಕಿಟ್ಟು, "ಎಣಿಸಿ ಹಾಕು ನೀನ," ಎಂದಳು.

ಸಂಜೆಯೊಳಗೆ ನಕಾಶೆ ಸಿದ್ಧವಾಯಿತು. ಬೂದಿಯ ಗೆರೆ ಎಳೆಯುವಾಗ ಉಡಚವ್ವನೇ ಅಂದಳು: "ಈ ಗೆರಿ ನನಗ ಚಲೋ ಗೊತ್ತೈತ್ರಿ. ನನ್ನ ತವರುಮನಿ ಅಳವಂಡಿ. ಹಿಂದಕ್ಕ ನಾನೂ ನಮ್ಮಪ್ಪನೂ ಒಂದು ಗಂಟು ಜ್ವಾಳ ತರಬೇಕಾದ್ರ ಗಡಿ ನಾಕಾದಾಗ ಗಂಟು ಬಿಚ್ಚಿಸಿ ತಾಸುಗಟ್ಟಲೆ ನಿಲ್ಲಸ್ತಿದ್ರು."

ಹೋಗುವಾಗ ಮಗಳ ಶಾಲೆಯ ಮಾತು ಕೇಳಿದೆ. "ಒಣಗಲಿ, ನೋಡೂಣು," ಎಂದಷ್ಟೇ ಹೇಳಿ ಹೊರಟಳು.

ನವೆಂಬರ್ ಒಂದು ಬಂತು. ಹಟ್ಟಿ ಹಬ್ಬ ಎದುರಿಗೇ ಇತ್ತು. ಊರ ಹಿರಿಯರಾದ ಹೊಳೆಯಪ್ಪನವರು ಮಕ್ಕಳಿಗೆಂದು ಒಂದು ಪರಾತದ ತುಂಬ ಬೆಲ್ಲದ ಪುಡಿ ಕಳಿಸಿದ್ದರು. ಉಡಚವ್ವ ಕೂಸಿನೊಂದಿಗೆ ಬಂದವಳೇ ಯಾರನ್ನೂ ಮಾತಾಡಿಸದೆ ನಕಾಶೆಯ ಹತ್ತಿರ ಹೋದಳು. ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಬಡಿದು, ಮುಂಡರಗಿಯಿಂದ ಗದುಗಿನವರೆಗೆ ಪರೀಕ್ಷೆ ಮಾಡಿದಳು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಮಕ್ಕಳು ಒಬ್ಬೊಬ್ಬರಾಗಿ ಬೂದಿ ಅಳಿಸಿದರು. ಗೆರೆಯ ಒಂದು ತುಂಡು ಮಾತ್ರ ಉಳಿಯಿತು.

"ಯವ್ವಾ, ಇದು ನಿನ್ನದು. ಈ ಕಾಳ ಅಳವಂಡಿ," ಎಂದಳು ಹನಮಂತವ್ವ.

ಉಡಚವ್ವ ಕುಕ್ಕರಗಾಲಲ್ಲಿ ಕುಳಿತು ಆ ಹತ್ತಿಕಾಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗೈಯಿಂದ ಗೆರೆಯನ್ನು ಒಂದೇ ಸಲ ಒರೆಸಿಬಿಟ್ಟಳು.

"ಈಗ ನಮ್ಮೂರು ಹತ್ರ ಆತು."

ಮಗಳು ಗೇಣು ಹಾಕಿ ಅಳೆದಳು. "ಇಲ್ಲಬೇ. ಮದ್ಲೂ ಒಂದು ಗೇಣು, ಈಗೂ ಒಂದ ಗೇಣು."

"ನಾಕಾದಾಗ ನಿಂತಾಕಿ ನೀ ಅಲ್ಲ, ನಾನು. ಹತ್ರ ಆತು ಅಂದ್ರ ಆತು."

ಎಲ್ಲರೂ ನಕ್ಕರು. ಇಬ್ಬರ ಮಾತೂ ಸರಿ ಎಂದು ನನಗನ್ನಿಸಿತು. ಯಾರ ಕಡೆಗೂ ಸೇರಲಿಲ್ಲ. ನಕಾಶೆ ಒಡೆದ ಮೇಲೆ ಅಷ್ಟು ಬುದ್ಧಿ ಬಂದಿತ್ತು.

"ಅಕ್ಕಾರ, ಹನಮಂತವ್ವನ ಸಾಲಿ?" ಎಂದು ಕೇಳಿದೆ.

"ಮನ್ಯಾಗ ಇಟಗೊಂಡ್ರ ದಿನಾ ನನ್ನ ತಪ್ಪು ಹಿಡಿತಾಳ್ರಿ," ಎಂದಳು ಉಡಚವ್ವ. "ಇಲ್ಲೇ ಬರಲಿ. ನಿಮ್ಮ ತಪ್ಪು ಹಿಡೀಲಿ. ಕೂಸಿನ್ನ ನಾ ಹೊಲಕ್ಕ ಒಯ್ತೀನಿ."

ನನಗಾದ ಸಂತೋಷಕ್ಕೆ ಬೆಲ್ಲದ ಪರಾತವನ್ನೇ ಎತ್ತಿ ಅವರ ಮುಂದೆ ಹಿಡಿದೆ. ಹನಮಂತವ್ವ ಬೆಲ್ಲ ನೋಡಿದಳು, ನನ್ನ ಮುಖ ನೋಡಿದಳು.

"ಎಷ್ಟು ತಗೋಬೇಕ್ರಿ ಮಾಸ್ತರ್ರ?"

"ಮೂರು ಹಿಡಿ," ಎಂದೆ.