ಎರಡು ಗಂಟಿನ ದಾರ

"ಜೇಬಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಗ್ತಿದೆ, ತೆಗೆದುಬಿಡಿ. ಲೋಹ ಇದ್ರೆ ಕರೆಂಟ್ ಚಿತಾಗಾರದಲ್ಲಿ ಒಳಗೆ ಬಿಡಲ್ಲ," ಎಂದು ಶವದ ವ್ಯಾನಿನವನು ಸ್ಟ್ರೆಚರನ್ನು ಅರ್ಧಕ್ಕೇ ನಿಲ್ಲಿಸಿದ.

ಮಗಳು ಅಪ್ಪನ ಅಂಗಿಯ ಜೇಬಿಗೆ ಕೈ ಹಾಕಿದಳು. ಹಳೇ ಕಾಲುಚೀಲದಲ್ಲಿ ಸುತ್ತಿದ ಮ್ಯಾಗ್ನೆಟ್ಟು ಬಂತು. ಅದರ ಹಿಂದೆಯೇ ಒಂದು ದಾರ ಬಂತು. ಎರಡು ಮೊಳಕ್ಕಿಂತ ತುಸು ಉದ್ದ, ಎರಡು ಕಡೆ ಗಂಟು.

"ನಾನೇ ಇಟ್ಟೆ ಕಣೇ," ಎಂದಳು ಅತ್ತೆ, ಮೂಗೊರೆಸಿಕೊಳ್ಳುತ್ತ. "ಹಳೇ ಅಂಗಿ ಜೇಬಲ್ಲಿ ಇದ್ದಿದ್ದನ್ನೆಲ್ಲ ಈ ಅಂಗಿಗೆ ಹಾಕ್ದೆ. ನಮ್ಮಣ್ಣ ಬರಿಗೈಲಿ ಎಲ್ಲಿಗೂ ಹೋದೋನಲ್ಲ."

"ದಾರ ಯಾಕೆ ಅತ್ತೆ?"

"ಯಾರಿಗೊತ್ತು? ಅವನ ಜೇಬು ಅಂದ್ರೆ ಗುಜರಿ ಅಂಗಡಿ."

ಮಗಳು ಎರಡನ್ನೂ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಬೀದಿಯವರೆಲ್ಲ ಅಪ್ಪನನ್ನು 'ಮ್ಯಾಗ್ನೆಟ್' ಎಂದೇ ಕರೆಯುತ್ತಿದ್ದುದು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬ್ರೇಕು ರಿಪೇರಿ ಮಾಡಿ ನಿವೃತ್ತನಾದ ಮನುಷ್ಯ. ಸ್ವಂತಕ್ಕೆ ಒಂದು ಸೈಕಲ್ಲು ಬಿಟ್ಟರೆ ಇನ್ನೊಂದು ವಾಹನವಿರಲಿಲ್ಲ. ಆದರೆ ಸುತ್ತಲ ನಾಲ್ಕು ಬೀದಿಗಳಲ್ಲಿ ಯಾರೇ ಹಳೇ ಕಾರು ಕೊಳ್ಳಲಿ, ಅಪ್ಪ ಹೋಗಿ ನೋಡಿ ಹೂಂ ಅನ್ನುವವರೆಗೆ ದುಡ್ಡು ಬಿಚ್ಚುತ್ತಿರಲಿಲ್ಲ. ಮ್ಯಾಗ್ನೆಟ್ಟನ್ನು ಬಣ್ಣಕ್ಕೆ ಗೀರು ಬೀಳದ ಹಾಗೆ ಕಾಲುಚೀಲದ ಸಮೇತ ಬಾಗಿಲ ಮೇಲೆ, ಚಕ್ರದ ಸುತ್ತ ಆಡಿಸುತ್ತಿದ್ದ. ಅಂಟಿದರೆ ಒಳಗೆ ತಗಡು. ಜಾರಿದರೆ ಪುಟ್ಟಿ, ಎಲ್ಲೋ ಗುದ್ದಿಸಿಕೊಂಡು ಬಂದ ಗಾಡಿ.

ಈ ದಿನ ಬೀದಿಯುದ್ದಕ್ಕೂ ನಿಂತಿದ್ದ ಹನ್ನೊಂದು ಪುಟ್ಟ ಕಾರುಗಳೂ ಅಪ್ಪ ಪಾಸು ಮಾಡಿದವೇ. ಬಣ್ಣ ಮಾಸಿತ್ತು, ಅಲ್ಲಲ್ಲಿ ತಗ್ಗು ಬಿದ್ದಿತ್ತು. ಆದರೆ ಒಂದೂ ತಳ್ಳಿಸಿಕೊಂಡು ಬಂದದ್ದಲ್ಲ.

"ಊರವರಿಗೆಲ್ಲ ಗಾಡಿ ಆರಿಸಿಕೊಟ್ಟ," ಎಂದ ಅಪ್ಪನ ಹಳೇ ಗೆಳೆಯ, ಡಿಪೋದ ಡ್ರೈವರು, ಆ ಸಾಲು ನೋಡುತ್ತ. "ಮಗಳಿಗೆ ಮಾತ್ರ ಒಂದೂ ಸಿಗಲಿಲ್ಲ ನೋಡು."

ಆತ ನೋಯಿಸಬೇಕೆಂದು ಹೇಳಿದ್ದಲ್ಲ. ಆದರೂ ಅವಳಿಗೆ ಚುಚ್ಚಿತು. ನಾಲ್ಕು ತಿಂಗಳಿಂದ ಅವಳನ್ನು ಕೊರೆಯುತ್ತಿದ್ದ ಅನುಮಾನವೂ ಅದೇ ಆಗಿತ್ತು.

ಅಷ್ಟರಲ್ಲಿ ಸಾಲಿನ ಕೊನೆಗೆ ಹನ್ನೆರಡನೆಯದೊಂದು ನೀಲಿ ಕಾರು ಬಂದು ನಿಂತಿತು. ಒಳಗಿದ್ದವನು ಗಲ್ಲಕ್ಕೆ ಮೊಣಕಾಲು ತಾಗಿಸಿಕೊಂಡು ಮುದುಡಿ ಕೂತಿದ್ದ. ಬಾಗಿಲು ತೆಗೆದು ಒಂದೊಂದೇ ಕಾಲು ಹೊರಗಿಟ್ಟು ಎದ್ದು ನಿಂತಾಗ ಗೊತ್ತಾಯಿತು, ಹಳೇ ಕಾರಿನ ದಲ್ಲಾಳಿ. ಅವನ ಎತ್ತರ ನೋಡಿ ಅಪ್ಪ ಅವನಿಗೆ 'ಒಂಟೆ' ಎಂದು ಹೆಸರಿಟ್ಟಿದ್ದ.

ಒಂಟೆ ಅಪ್ಪನ ಮುಖ ನೋಡಿ ಕೈಮುಗಿದು, ಮಗಳ ಹತ್ತಿರ ಬಂದು ದನಿ ತಗ್ಗಿಸಿದ. "ಇದು ಹೇಳೋ ಹೊತ್ತಲ್ಲ ತಂಗಿ. ಆದ್ರೆ ಶನಿವಾರ ಬೆಳಿಗ್ಗೆ ಗಾಡಿ ಮನೆ ಮುಂದೆ ಇರ್ಬೇಕು ಅಂತ ನಿಮ್ಮಪ್ಪಾಜಿ ಹೇಳಿದ್ರು. ಇವತ್ತು ಶನಿವಾರ. ನಿಮಗೆ ಅಂತ ಇದನ್ನ ಅವರೇ ಪಾಸು ಮಾಡಿದ್ದು."

"ಅಪ್ಪ? ಪಾಸು ಮಾಡಿದ್ರಾ?"

"ಗುರುವಾರ ಬೆಳಿಗ್ಗೆ."

ಗುರುವಾರ ಸಂಜೆ ಅಪ್ಪ ಎದೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಕುಸಿದವನು ಮತ್ತೆ ಕಣ್ಣು ಬಿಟ್ಟಿರಲಿಲ್ಲ. ಸತ್ತವನು ಸಾಕ್ಷಿಗೆ ಬರುವುದಿಲ್ಲ ಎಂಬುದು ಒಂಟೆಗೂ ಗೊತ್ತು.

"ಉರಿಯೋ ಮನೇಲಿ ಗಳ ಹಿರಿಯೋಕೆ ಬಂದಿದಾನೆ," ಎಂದು ಅತ್ತೆ ಅವನಿಗೆ ಕೇಳುವಂತೆಯೇ ಹೇಳಿದಳು. ಆಮೇಲೆ ಮಂಡಿನೋವಿಗೆ ವ್ಯಾನು ಹತ್ತಲಾಗದೆ, ಉಳಿದ ಕಾರುಗಳೆಲ್ಲ ತುಂಬಿದ್ದರಿಂದ, ಅದೇ ನೀಲಿ ಕಾರಿನಲ್ಲಿ ಹೋಗಿ ಕೂತಳು.

*

ಮಗಳದು ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್ ಕೆಲಸ. ಮುಂದಿನ ತಿಂಗಳಿಂದ ಊರಾಚೆಯ ರೋಗಿಗಳನ್ನು ಸ್ವಂತ ವಾಹನ ಇದ್ದವರಿಗೆ ಮಾತ್ರ ಕೊಡುತ್ತೇವೆ, ಇಲ್ಲದವರು ಬೇರೆ ಕೆಲಸ ನೋಡಿಕೊಳ್ಳಿ ಎಂದು ಸಂಸ್ಥೆ ಹೇಳಿಬಿಟ್ಟಿತ್ತು. ಅವಳ ಕೈಲಿದ್ದ ದುಡ್ಡಿಗೆ ಬರುವುದು ಹತ್ತು ವರ್ಷ ದಾಟಿದ ಪುಟ್ಟ ಕಾರು. ಒಂದು ಸಲ ಮೋಸ ಹೋದರೆ ಇನ್ನೊಂದು ಕೊಳ್ಳುವ ಶಕ್ತಿ ಇಲ್ಲ.

ಅಪ್ಪ ಅವಳನ್ನು ಕರೆದುಕೊಂಡು ಹೋಗಿ ನಾಲ್ಕು ತಿಂಗಳು ಗಾಡಿ ಮೇಲೆ ಗಾಡಿ ನೋಡಿ, ಎಲ್ಲವನ್ನೂ ಬೇಡವೆಂದ. ಒಂದರ ಮೀಟರು ಮೂವತ್ತು ಸಾವಿರ ಎಂದಿತು. ಬ್ರೇಕ್ ಪೆಡಲ್ಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. "ಬಾಯಿ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ," ಎಂದ ಅಪ್ಪ. ಇನ್ನೊಂದರ ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ತೋರಿಸಿದ. ತುದಿಯಲ್ಲಿ ಒಣಗಿದ ಕೆಸರು. ನೀರಲ್ಲಿ ಮುಳುಗೆದ್ದ ಗಾಡಿ. ಮತ್ತೊಂದರ ಬಾನೆಟ್ಟಿಗೆ ಅಂಗೈ ಒತ್ತಿದವನು ಹಾಗೇ ವಾಪಸು ಹೊರಟ. "ಬಿಸಿ ಮಾಡಿಟ್ಟಿದಾನೆ. ತಣ್ಣಗಿರೋ ಇಂಜಿನ್ನು ಮಾತ್ರ ನಿಜ ಹೇಳೋದು ಮಗಳೇ."

ಬೇಡವೆಂದ ಗಾಡಿಯ ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಅದರ ಕೆಳಗಿನ ತಗಡಿಗೆ ಮೊಳೆಯಿಂದ ಗುಣಾಕಾರದ ಗುರುತು ಗೀರುತ್ತಿದ್ದ. ತಿರಸ್ಕರಿಸಿದ ಗಾಡಿಗೇ ಬಣ್ಣ ಬಳಿಸಿ ಬೇರೆ ದಲ್ಲಾಳಿಯ ಕೈಲಿ ಮತ್ತೆ ತೋರಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ಆ ಗುರುತಿನ ವಿಷಯ ಗೊತ್ತಿದ್ದದ್ದು ಅಪ್ಪನಿಗೆ ಮತ್ತು ಅವಳಿಗೆ ಮಾತ್ರ.

*

ಸ್ಮಶಾನದಲ್ಲಿ ಕಬ್ಬಿಣದ ಬಾಗಿಲು ಮುಚ್ಚಿದಾಗ ಮಗಳು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಚೀಟಿಗೆ ಸಹಿ ಹಾಕಿ, ಕಲ್ಲುಬೆಂಚಿನ ಮೇಲೆ ಅಸ್ಥಿಗಾಗಿ ಕಾಯುತ್ತ ಕೂತಳು. ಅಲ್ಲಿಂದ ನೀಲಿ ಕಾರು ಕಾಣುತ್ತಿತ್ತು. ಒಂಟೆ ಅದಕ್ಕೊರಗಿ ನಿಂತು, ಅವಳು ನೋಡಿದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅತ್ತೆ ಪಕ್ಕದಲ್ಲಿ ಕೂತಳು. "ಗಾಡಿ ಏನೋ ಅಲ್ಲಾಡದೆ ಬಂತಪ್ಪ. ಅವನ ಮೊಣಕಾಲೇ ತಾಗಿ ಎರಡು ಸಲ ಹಾರ್ನು ಹೊಡೀತು, ಅಷ್ಟೆ."

"ಸೀಟು ಹಿಂದಕ್ಕೆ ಹೋಗಲ್ಲ ಅನ್ಸುತ್ತೆ. ಜಾಮ್ ಆಗಿರೋದನ್ನ ಮುಚ್ಚಿಡ್ತಿದಾನೆ," ಎಂದಳು ಮಗಳು.

"ಅಪ್ಪನ ಮಗಳೇ ನೀನು," ಎಂದಳು ಅತ್ತೆ.



*

ಅಪ್ಪ ಕುಸಿಯುವ ಹಿಂದಿನ ದಿನ, ಬುಧವಾರ ಸಂಜೆ, ಕೆಲಸ ಮುಗಿಸಿ ಬಂದವಳು ಊಟದ ಮೇಜಿನ ಕುರ್ಚಿಗೆ ಬೆನ್ನು ಕೊಟ್ಟು, ಶೂಗಳನ್ನೂ ಬಿಚ್ಚದೆ ಕಾಲು ಚಾಚಿ ಕೂತಿದ್ದಳು. ಹಿಂದಿನ ವಾರ ನೋಡಿದ ಗಾಡಿಯನ್ನೂ ಅಪ್ಪ ಬೇಡವೆಂದಿದ್ದ.

"ಬೀದೀಲಿರೋರಿಗೆಲ್ಲ ಗಾಡಿ ಪಾಸು ಮಾಡ್ತೀಯ. ನನಗೆ ಬಂದಾಗ ಮಾತ್ರ ಎಲ್ಲಾದ್ರಲ್ಲೂ ಹುಳುಕು ಹುಡುಕ್ತೀಯ. ನಿನಗೆ ಅನುಮಾನ ಗಾಡಿ ಮೇಲಲ್ಲಪ್ಪ, ನನ್ನ ಮೇಲೆ. ನಾನು ಓಡಿಸೋದೇ ನಿನಗೆ ಬೇಡ."

ಬಗ್ಗಿ ನೋಡಿದರೆ ಅಪ್ಪ ನೆಲದ ಮೇಲೆ ಮೊಣಕಾಲೂರಿ ಕುರ್ಚಿಯ ಬೆನ್ನಿನಿಂದ ಅವಳ ಶೂವರೆಗೆ ತಡಕಾಡುತ್ತಿದ್ದ.

"ನಾನಿಲ್ಲಿ ಬಾಯಿ ಬಡ್ಕೋತಿದೀನಿ, ನೀನು ಕೆಳಗೆ ಏನು ಹುಡುಕ್ತಿದೀಯ?"

"ಒಂದು ನಟ್ಟು ಬಿದ್ದಿದೆ. ಕಾಲು ಅಲ್ಲಾಡಿಸ್ಬೇಡ, ಉರುಳಿಹೋಗುತ್ತೆ."

ಅವಳು ಎದ್ದು ಹೋಗಿ ಬಾಗಿಲು ಬಡಿದುಕೊಂಡಳು. ಬೆಳಿಗ್ಗೆ ಮಾತಾಡಿಸದೆ ಕೆಲಸಕ್ಕೆ ಹೊರಟಳು. ಅಪ್ಪನ ಜೊತೆ ಆಡಿದ ಕಡೆಯ ಮಾತು ಅದೇ ಆಗಿಹೋಯಿತು.

*

ಎರಡು ಗಂಟೆ ಕಳೆದ ಮೇಲೆ ಮಗಳು ಬೆಂಚಿನಿಂದ ಎದ್ದು ನೀಲಿ ಕಾರಿನ ಹತ್ತಿರ ಹೋದಳು. ಬಾನೆಟ್ಟಿನ ಮೇಲೆ ಅಂಗೈ ಒತ್ತಿದಳು. ತಣ್ಣಗಿತ್ತು.

"ಕೀ ಕೊಡಿ."

ಇಂಜಿನ್ನು ಮೊದಲ ತಿರುವಿಗೇ ಎದ್ದಿತು. ಆರಿಸಿದಳು. ಮ್ಯಾಗ್ನೆಟ್ಟನ್ನು ನಾಲ್ಕೂ ಬಾಗಿಲ ಮೇಲೆ ಆಡಿಸಿದಳು, ಎಲ್ಲೂ ಜಾರಲಿಲ್ಲ. ಬೆಲ್ಟು ಎಳೆದಳು, ತುದಿಯವರೆಗೂ ಸ್ವಚ್ಛ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಿದ್ದ ಅಪ್ಪ. ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿದಳು.

ಕೆಳಗಿನ ತಗಡಿನ ಮೇಲೆ ಗುಣಾಕಾರದ ಗುರುತಿತ್ತು.

ಅವಳು ಒಂಟೆಯ ಕಡೆ ತಿರುಗಿದಳು. "ಅಪ್ಪ ಇದನ್ನ ಬೇಡ ಅಂದಿದ್ರು! ಅವರು ಸತ್ತಿದಾರೆ, ಇನ್ಯಾರು ಕೇಳ್ತಾರೆ ಅಂತ ನನ್ನ ತಲೆಗೆ ಕಟ್ಟೋಕೆ ಬಂದಿದೀರಾ? ಅದೂ ಈ ಜಾಗಕ್ಕೆ?"

ಡಿಪೋದ ಡ್ರೈವರ್ ಮಾಮ ಓಡಿ ಬಂದ. ಒಂಟೆ ಡಿಕ್ಕಿಯೊಳಗೆ ಬಗ್ಗಿ ಆ ಗೀರನ್ನು ಹೊಸದಾಗಿ ಕಂಡವನ ಹಾಗೆ ನೋಡಿದ.

"ಓ, ಇದಾ ಅವರ ಗುಟ್ಟು," ಎಂದ. "ಬೇಡ ಅಂದಿದ್ದು ಹೌದು ತಂಗಿ. ಹದಿನೈದು ದಿನದ ಹಿಂದೆ, ಒಬ್ರೇ ಬಂದು ನೋಡಿದಾಗ. ಬ್ರೇಕ್ ಪೈಪು ತುಕ್ಕು ಹಿಡಿದಿದೆ, ಹೊಸದು ಹಾಕಿಸು, ಆಮೇಲೆ ನೋಡ್ತೀನಿ ಅಂದ್ರು. ಹಾಕಿಸಿದೆ. ಗುರುವಾರ ಬಂದು ಕಾರಿನಡಿ ಮಲಗಿ ಒಂದೊಂದು ಇಂಚೂ ಮುಟ್ಟಿ ನೋಡಿದ್ರು. ಗೀರಿದ್ದನ್ನ ಅಳಿಸೋಕಾಗುತ್ತಾ?"

"ಯಾರು ನೋಡಿದಾರೆ ಅದನ್ನ?"

"ಯಾರೂ ಇಲ್ಲ." ಒಂಟೆಗೆ ಈಗ ನಿಜವಾಗಿಯೂ ಸಿಟ್ಟು ಬಂತು. "ಸುಳ್ಳಾಗಿದ್ರೆ ನಾನ್ಯಾಕೆ ತಂಗಿ ಮೊಣಕಾಲು ಬಾಯಿಗೆ ತುರುಕ್ಕೊಂಡು ಓಡಿಸ್ಕೊಂಡು ಬರ್ಲಿ? ಸೀಟು ಹಿಂದಕ್ಕೆ ಸರಾಗವಾಗಿ ಹೋಗುತ್ತೆ. ಅವರೇ ಬಿಡ್ಲಿಲ್ಲ. ಅರ್ಧ ಗಂಟೆ ಕೂತು ಆ ಸೀಟನ್ನ ಹಿಂದೆ ಮುಂದೆ ಮಾಡಿ, ಒಂದು ಕಡೆ ನಿಲ್ಲಿಸಿ, ಇದನ್ನ ಅಲ್ಲಾಡಿಸಿದ್ರೆ ನಿನ್ನ ಕೈ ಮುರೀತೀನಿ ಅಂದ್ರು. ಯಾಕೆ ಅಂತ ಕೇಳಿದ್ರೆ ದಾರ ತೋರಿಸಿದ್ರು."

"ಏನು ತೋರಿಸಿದ್ರು?"

"ದಾರ. ಒಂದು ತುಂಡು ದಾರ. ನನಗೇನು ಗೊತ್ತು?"

ಮಗಳು ಕೈಚೀಲದಿಂದ ದಾರ ತೆಗೆದಳು. ಡ್ರೈವರ್ ಸೀಟಿನ ಬಾಗಿಲು ತೆಗೆದು, ಒಂದು ಗಂಟನ್ನು ಒಂಟೆಯ ಕೈಗೆ ಕೊಟ್ಟಳು.

"ಹಿಡ್ಕೊಳ್ಳಿ. ಸೀಟಿನ ಬೆನ್ನಿಗೆ ಸರಿಯಾಗಿ ಒತ್ತಿ."

ತಾನು ಕಲ್ಲುಹಾಸಿನ ಮೇಲೆ ಮೊಣಕಾಲೂರಿ, ಕಾರಿನೊಳಗೆ ತಲೆ ಹಾಕಿ, ಒಂದು ಕೈಯಿಂದ ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದು ಇನ್ನೊಂದು ಕೈಯಿಂದ ದಾರ ಎಳೆದಳು. ದಾರ ಬಿಗಿಯಾಯಿತು. ಎರಡನೆಯ ಗಂಟು ಬಂದು ಪೆಡಲ್ಲಿನ ರಬ್ಬರಿನ ಮೇಲೆ ಕೂತಿತು. ಆ ಕಡೆ ಬೆರಳಗಲ ಇಲ್ಲ, ಈ ಕಡೆ ಬೆರಳಗಲ ಇಲ್ಲ.

ಅವಳು ಮೇಲೇಳಲಿಲ್ಲ. ಬೆಂಚಿನಿಂದ ಕುಂಟುತ್ತ ಬಂದ ಅತ್ತೆ ಬಾಗಿಲ ಹತ್ತಿರ ಬಗ್ಗಿದಳು.

"ಅಲ್ಲಿ ಒಳಗೆ ಕರೀತಿದಾರೆ, ನೀನು ಕೆಳಗೆ ಏನೇ ಹುಡುಕ್ತಿದೀಯ?"

"ಒಂದು ನಟ್ಟು ಬಿದ್ದಿದೆ ಅತ್ತೆ," ಎಂದಳು ಮಗಳು, ಗಂಟಿನ ಮೇಲಿಂದ ಕೈ ತೆಗೆಯದೆ.