ಹೊಗೆ ಹಾಕಿಸಿದ ದನಿ

ಗಡಿಗೋಡೆಯ ಹೊರಬದಿಯಲ್ಲಿ, ಬುಡದುದ್ದಕ್ಕೂ ಒಂದು ಮರಳ ಪಟ್ಟಿ ಇತ್ತು. ದಿನಾ ಸಂಜೆ ಅದಕ್ಕೆ ಹಲುಬೆ ಎಳೆದು ನುಣುಪು ಮಾಡುವುದು, ಬೆಳಗ್ಗೆ ಎದ್ದು ಅದರ ಮುಖ ನೋಡುವುದು ನನ್ನ ಕೆಲಸ. ಹೆಂಡತಿಯ ಮುಖಕ್ಕಿಂತ ಅದನ್ನೇ ಹೆಚ್ಚು ನೋಡಿದ್ದೇನೆ. ನರಿ ದಾಟಿದರೆ ನರಿ, ಮೊಲ ದಾಟಿದರೆ ಮೊಲ. ಅವತ್ತು ಬೆಳಗ್ಗೆ ಅಲ್ಲಿ ಮನುಷ್ಯನ ಹೆಜ್ಜೆಯಿತ್ತು.

ಒಬ್ಬನೇ. ಮೆತ್ತನೆಯ ತೊಗಲು ಜೋಡು. ಗೋಡೆ ಬಿರಿದ ಜಾಗದ ತನಕ ಬಂದಿದ್ದಾನೆ, ನಿಂತಿದ್ದಾನೆ, ಬಂದ ದಾರಿಯಲ್ಲೇ ಹಿಂದಿರುಗಿದ್ದಾನೆ. ಅವನು ನಿಂತಲ್ಲೇ ನಿಂತು ಬಿರುಕಿನಲ್ಲಿ ಇಣುಕಿದೆ. ಕಾಲುವೆ ಕಂಡಿತು. ಅದರ ದಂಡೆಯ ಮೇಲೆ ನವಣೆ ಕೊಯ್ಯುತ್ತಿದ್ದ ಹೆಂಗಸರು ಕಂಡರು. ಅವರಲ್ಲಿ ಬೆನ್ನಿಗೆ ಕೂಸು ಕಟ್ಟಿಕೊಂಡವಳು ನನ್ನ ಹೆಂಡತಿ ಸುಯಿ. ಅವನು ಕಂಡದ್ದೂ ಇದನ್ನೇ.

ಬುರುಜಿಗೆ ಓಡಿದೆ. ನಮ್ಮ ನಾಯಕ ಗೆಂಗಣ್ಣ ಮೇಲೆ, ಅಪಾಯದ ಹೊಗೆ ಹಾಕಲು ಒಟ್ಟಿದ್ದ ಜೊಂಡಿನ ಕಟ್ಟುಗಳ ಪಕ್ಕ ಕೂತಿದ್ದ. ಕೆಳಗಿನ ಕೋಣೆಯಲ್ಲಿ ಅಧಿಕಾರಿ ಡೌ ಇದ್ದರು. ಈ ಗೋಡೆ ತಿನ್ನುವುದೆಷ್ಟು, ಕಾಯುವುದೆಷ್ಟು ಎಂದು ತೂಕ ಹಾಕಲು ರಾಜಧಾನಿ ಚಾಂಗಾನ್‌ನಿಂದ ಬಂದವರು ತೂಕಡಿಸುತ್ತಿದ್ದರು.

ಹಿಂದಿನ ದಿನವೆಲ್ಲ ಅವರದು ಒಂದೇ ರಾಗ. ಪ್ರತಿ ಮಾತಿಗೂ ಮೊದಲು ಮೂಗಿನಲ್ಲಿ ಒಂದು "ಹ್ಞುಂ."

"ಹ್ಞುಂ. ಊರಿಂದ ಹೊರಟ ನವಣೆ ಗಾಡಿ ಇಲ್ಲಿಗೆ ಬರೋ ಹೊತ್ತಿಗೆ ಎತ್ತು, ಗಾಡಿಯವನು ಸೇರಿ ಮುಕ್ಕಾಲು ಮುಗಿಸಿರ್ತಾರೆ. ಉಳಿದದ್ದು ನೀವು ತಿಂತೀರಿ. ವರ್ಷಗಟ್ಟಲೆ ಗಡಿಯಾಚೆಯ ಒಬ್ಬ ಷಿಯಾಂಗ್ನು ಸವಾರನೂ ಈ ಕಡೆ ಬಂದಿಲ್ಲ."

"ಗೋಡೆ ಇರೋದಕ್ಕೇ ಬಂದಿಲ್ಲ ಸ್ವಾಮಿ," ಎಂದಿದ್ದ ಗೆಂಗಣ್ಣ.

"ಹ್ಞುಂ. ನನ್ನ ತಲೇಲಿ ಹೇನಿಲ್ಲ. ಅದೂ ನಿನ್ನ ಗೋಡೆಯಿಂದಾನಾ?"

ಅವರ ತಲೆಯಲ್ಲಿ ಕೂದಲೂ ಇರಲಿಲ್ಲ. ಬಾವಿಯ ಹತ್ತಿರ ನಾನು ಆ "ಹ್ಞುಂ" ಅವರದೇ ದನಿಯಲ್ಲಿ ಅಣಕಿಸಿ ತೋರಿಸಿದಾಗ ಗೆಂಗಣ್ಣ ಬಿಂದಿಗೆ ಕೆಳಗಿಟ್ಟು ನಕ್ಕಿದ್ದ. "ಬೇಡ ಕಣೋ ಲೂ, ಒಂದಿನ ಈ ಬಾಯಿ ನಿನ್ನ ಕತ್ತಿಗೆ ಬರುತ್ತೆ," ಎಂದಿದ್ದ.

ಈಗ ಯಾರೂ ನಗಲಿಲ್ಲ. ಹೆಜ್ಜೆಯ ವಿಷಯ ಕೇಳಿ ಅಧಿಕಾರಿ ಎದ್ದು ಕೂತರು.

"ಯಾವನೋ ಕುರಿ ಕಳ್ಕೊಂಡವನು. ಒಂದು ಹೆಜ್ಜೆಗೆ ಹೊಗೆ ಹಾಕಿದ್ರೆ ಕೋಟೆಯ ಕುದುರೆಯೆಲ್ಲಾ ಓಡ್ಬೇಕು. ಕೊಯ್ಲು ಬಿಟ್ಟು ಜನ ಕೋಟೆ ಸೇರ್ಬೇಕು. ಕಾಳು ಹೊಲದಲ್ಲೇ ಉದುರುತ್ತೆ. ಆ ನಷ್ಟ ಯಾರ ತಲೆಗೆ?"

"ಅವನು ನೋಡ್ಕೊಂಡು ಹೋಗೋಕೆ ಬಂದವನು, ಸ್ವಾಮಿ. ನೋಡಿದವನು ಹೇಳ್ದೆ ಇರ್ತಾನಾ? ಮಿಕ್ಕವರು ಹಿಂದೆ ಇದ್ದಾರೆ," ಎಂದೆ.

"ಕಣ್ಣಿಗೆ ಕಾಣಲಿ. ಆಮೇಲೆ ಹಚ್ಚಿ."

"ಕಂಡ ಮೇಲೆ ಹಚ್ಚಿದ್ರೆ ಅದು ಅಡುಗೆ ಒಲೆ ಅಷ್ಟೇ," ಎಂದು ಗೆಂಗಣ್ಣ ಮೇಲಿನಿಂದ ಗೊಣಗಿದ. ಆದರೆ ಕೈಯಲ್ಲಿ ಪಂಜು ಇದ್ದರೂ ಅವನು ಹಚ್ಚಲಿಲ್ಲ. ಸುಳ್ಳು ಹೊಗೆಗೂ ತಲೆ ಹೋಗುತ್ತದೆ, ಹಾಕದ ಹೊಗೆಗೂ ತಲೆ ಹೋಗುತ್ತದೆ. ಒಟ್ಟಿನಲ್ಲಿ ಹೊಗೆ ನಮಗೇ.

ಅಧಿಕಾರಿ ಹೆಜ್ಜೆ ನೋಡಲು ಹೊರಗೆ ಹೋದರು. ನಾನು ಏಣಿಯ ನಡುವೆ ಉಳಿದೆ. ಗವಾಕ್ಷಿಯಲ್ಲಿ ಕಾಲುವೆ ಕಾಣುತ್ತಿತ್ತು. ಸುಯಿ ಸೊಂಟ ನೆಟ್ಟಗೆ ಮಾಡಿ ಕೂಸನ್ನು ಮೇಲಕ್ಕೆ ಜಗ್ಗಿ ಕಟ್ಟಿಕೊಂಡು ಮತ್ತೆ ಬಗ್ಗಿದಳು. ಬಗ್ಗಿದವಳು ದೂರದ ಧೂಳು ನೋಡುವುದು ಯಾವಾಗ?

 ಅಧಿಕಾರಿಯ ದನಿ ನನ್ನೊಳಗಿಂದ ಬಂತು, ಮೂಗಿನಿಂದ, ಚಳಿಗಾಳಿಯ ಹಾಗೆ:

"ಹ್ಞುಂ. ಹಚ್ಚು."

ಮೇಲೆ ಗೆಂಗಣ್ಣ ಎದ್ದ ಸದ್ದಾಯಿತು. ಆಮೇಲೆ ಜೊಂಡು ಚಟಪಟ ಎಂದಿತು. ಕಪ್ಪು ಹೊಗೆ ನೆಟ್ಟಗೆ ಎದ್ದಿತು. ಮುಂದಿನ ಬುರುಜು ಉತ್ತರ ಕೊಟ್ಟಿತು, ಅದರಾಚೆಯದೂ. ಹೊಲದಲ್ಲಿ ಕುಡುಗೋಲುಗಳು ಬಿದ್ದವು. ಹೆಂಗಸರು ಕೋಟೆಯ ಕಡೆ ಓಡಿದರು.

ಅಧಿಕಾರಿ ಏದುಸಿರು ಬಿಡುತ್ತ ಹತ್ತಿ ಬಂದರು. "ಯಾರು ಹೇಳಿದ್ದು?"

"ತಾವೇ ಅಪ್ಪಣೆ ಕೊಟ್ರಲ್ಲ ಸ್ವಾಮಿ," ಎಂದ ಗೆಂಗಣ್ಣ. ನನ್ನ ಕಡೆ ತಿರುಗಲೇ ಇಲ್ಲ.

ಅಧಿಕಾರಿ ನಮ್ಮಿಬ್ಬರ ಬಾಯಿಯನ್ನೂ ಮಾರಾಟಕ್ಕೆ ಬಂದ ಕುದುರೆಯದನ್ನು ನೋಡುವಂತೆ ನೋಡಿದರು. "ಸಂಜೆ ತನಕ ನೋಡೋಣ. ಯಾರೂ ಬರದಿದ್ರೆ, ಒಬ್ಬೊಬ್ಬರಾಗಿ ಆ ಮಾತು ನನ್ನೆದುರು ಹೇಳಬೇಕು. ದನಿ ಯಾರದ್ದೋ, ತಲೆ ಅವನದ್ದು."

ದಿನವಿಡೀ ಕಾದೆವು. ಹೆಂಡತಿ ಇರುವತ್ತ ಯಾರೂ ಬಾರದಿರಲಿ ಎಂದು ಬೇಡಿಕೊಂಡವನೇ, ಯಾರಾದರೂ ಬರಲಿ ಎಂದೂ ಬೇಡಿಕೊಂಡೆ. ಯಾವ ದೇವರಿಗೆ ಅದು ಅರ್ಥವಾದೀತು?

ಬಿಸಿಲು ಇಳಿದಾಗ ದಿಬ್ಬದ ಮೇಲೆ ಸವಾರರು ಕಾಣಿಸಿದರು. ಸಾಲು ಮುಗಿಯಲೇ ಇಲ್ಲ. ಅಲ್ಲೇ ನಿಂತು ಹೊಗೆ ನೋಡಿದರು, ಬರಿದಾದ ಹೊಲ ನೋಡಿದರು, ಕೋಟೆಯಿಂದ ಬಂದು ಗೋಡೆಯುದ್ದಕ್ಕೂ ಸುತ್ತುತ್ತಿದ್ದ ನಮ್ಮ ಕುದುರೆಗಳ ಧೂಳು ನೋಡಿದರು. ಮೆಲ್ಲಗೆ ಹಿಂದಿರುಗಿದರು.

ಅಧಿಕಾರಿಯ ಕೈ ಗೋಡೆಯಂಚನ್ನು ಹಿಡಿದುಕೊಂಡೇ ಇತ್ತು. ಕೋಟೆಯ ದಳಪತಿ ಕೆಳಗೆ ಕುದುರೆ ನಿಲ್ಲಿಸಿ, ಹಚ್ಚಲು ಹೇಳಿದವರು ಯಾರೆಂದು ಕೇಳಿದ.

"ಹ್ಞುಂ. ನಾನು," ಎಂದರು ಡೌ.

ಮರುದಿನ ಹೊರಡುವಾಗ ಅವರು ನನ್ನನ್ನು ಏಣಿಯ ಬುಡದಲ್ಲಿ ನಿಲ್ಲಿಸಿಕೊಂಡರು. ಮಾತು ಬಹಳ ಮೆತ್ತಗಿತ್ತು.

"ಬುರುಜು ಇರಲಿ ಅಂತ ರಾಜಧಾನೀಲಿ ಹೇಳ್ತೀನಿ. ನನ್ನ ದನಿ ಮಾತ್ರ ಒಬ್ಬನದ್ದೇ ಆಗಿರಬೇಕು. ಇನ್ನೊಂದು ಎಲ್ಲಾದ್ರೂ ಕೇಳಿದ್ರೆ, ನಿನ್ನ ಹೆಂಡತಿ ಯಾವ ಹೊಲದಲ್ಲಿ ಕೊಯ್ತಾಳೆ ಅಂತ ನನಗೆ ಗೊತ್ತು."

ಅವತ್ತು ಸುಯಿಯ ಬೆನ್ನ ಮೇಲಿದ್ದ ಮಗಳು ಈಗ ಮಾತಾಡುತ್ತಾಳೆ. "ಅಪ್ಪಾ, ಒಂಟೆ ಥರ ಕೂಗು," ಎಂದು ಗಡ್ಡ ಜಗ್ಗುತ್ತಾಳೆ. ನಾನು ಬಾಗಿಲು ನೋಡುತ್ತೇನೆ. ಕೂಗುವುದಿಲ್ಲ.