ಕೇಳುಗಲ್ಲಿನ ಸುತ್ತ ಅಂಗಡಿಗಳು

ಒಂದು ಊರಿತ್ತು. ಊರಿನ ನಡುವೆ, ನಾಲ್ಕು ದಾರಿ ಕೂಡುವಲ್ಲಿ, ಮೊಣಕಾಲೆತ್ತರದ ಚಪ್ಪಟೆ ಕಲ್ಲೊಂದಿತ್ತು. ಅದಕ್ಕೆ ಪೂಜೆ ಇರಲಿಲ್ಲ, ಕುಂಕುಮ ಹಚ್ಚುತ್ತಿರಲಿಲ್ಲ. ಆದರೂ ಜನ ಚಪ್ಪಲಿ ಬಿಟ್ಟೇ ಅದನ್ನು ಹತ್ತುತ್ತಿದ್ದರು. ಅದರ ಹೆಸರು ಕೇಳುಗಲ್ಲು. ಮನೆಯಲ್ಲಿ ಬಗೆಹರಿಯದ ಸಂಗತಿ ಏನೇ ಇದ್ದರೂ ಆ ಕಲ್ಲಿನ ಮೇಲೆ ನಿಂತು ಗಟ್ಟಿಯಾಗಿ ಕೇಳುವುದು ಅಲ್ಲಿನ ವಾಡಿಕೆ. ಸುತ್ತ ನಿಂತವರಲ್ಲಿ ಯಾರು ಬೇಕಾದರೂ ಉತ್ತರ ಹೇಳಬಹುದಿತ್ತು. ಆದರೆ ಹೇಳುವವರು ಮೊದಲು ಕಲ್ಲು ಮುಟ್ಟಿ, "ಇದನ್ನು ನಾನು ಉಂಡಿದ್ದೇನೆ" ಎನ್ನಬೇಕಿತ್ತು. ಯಾರೋ ಹೇಳಿದ್ದನ್ನು, ಎಲ್ಲೋ ಓದಿದ್ದನ್ನು ಅಲ್ಲಿ ತಂದು ಸುರಿಯುವಂತಿರಲಿಲ್ಲ. ಹಲ್ಲುನೋವಿನ ಪ್ರಶ್ನೆಗೆ ಹಲ್ಲುನೋವು ಉಂಡವನೇ ಬಾಯಿ ಬಿಡಬೇಕು.

ಈ ಕತೆ ಬಸಲಿಂಗನದು. ಅವನ ಒಬ್ಬಳೇ ಮಗಳು ನೀಲಿಗೆ ಮಾತು ನಿಂತುಹೋಯಿತು. ಅದನ್ನು ಮರಳಿ ತರುವುದು ಹೇಗೆಂದು ಕೇಳಲು ಅವನು ಆ ಕಲ್ಲು ಹತ್ತಿದ. ಆ ದಿನ ಏನಾಯಿತೆಂದು ಹೇಳುವ ಮೊದಲು ಅವನು ಹೊಟ್ಟೆ ಹೊರೆದ ಬಗೆಯನ್ನು ಹೇಳಬೇಕು. ಎರಡನ್ನೂ ಬೇರೆ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಬಸಲಿಂಗ ಮೊದಲು ಎಲ್ಲವನ್ನೂ ಮಾರುವ ಅಂಗಡಿ ಇಟ್ಟಿದ್ದ. ಹಗ್ಗ, ಅರಿಸಿನ, ಲಾಟೀನಿನ ಬತ್ತಿ, ಮಕ್ಕಳ ಬಳಪ, ಏನು ಕೇಳಿದರೂ ಅವನಲ್ಲಿತ್ತು, ಕೇಳುವವರು ಮಾತ್ರ ಇರಲಿಲ್ಲ. ಪೇಟೆಬೀದಿಯಲ್ಲಿ ಅವನ ಅಂಗಡಿಯ ಹತ್ತರಷ್ಟು ದೊಡ್ಡ ಅಂಗಡಿಗಳಿದ್ದವು. ಬಾಗಿಲಲ್ಲಿ ನೊಣ ಹೊಡೆದು ಬೇಸತ್ತು, ಹೊತ್ತು ಕಳೆಯಲೆಂದು ಅವನು ಕೇಳುಗಲ್ಲಿನ ಬಳಿ ಹೋಗಿ ಕೂರತೊಡಗಿದ.

ಒಂದು ದಿನ ನೇಕಾರನೊಬ್ಬ ಕಲ್ಲು ಹತ್ತಿ, ಹಿಮ್ಮಡಿ ಒಡೆದು ರಕ್ತ ಬರುತ್ತಿದೆ, ಏನು ಮಾಡಲಿ ಎಂದ. ಸುತ್ತ ಇದ್ದವರೆಲ್ಲ ಅವನತ್ತ ತಿರುಗಿದರು. ಬಾಯಿ ಬಿಟ್ಟವಳು ಒಬ್ಬಳೇ, ಹಾಲಜ್ಜಿ. ಬೇರೆ ಊರಿನಿಂದ ಬಂದು ನೆಲೆಸಿದ್ದ ಮುದುಕಿ ಅವಳು. ಕಲ್ಲು ಮುಟ್ಟಿ, "ಇದನ್ನ ನಾನು ಉಂಡೀನಪ್ಪ. ಬೇವಿನ ಎಣ್ಣೆಗೆ ಜೇನುಮೇಣ ಹಾಕಿ ಕಾಯಿಸಿ ಹಚ್ಚು. ಹಚ್ಚಿದ ಮೇಲೆ ಮಣ್ಣಾಗೆ ಕಾಲಿಡಬ್ಯಾಡ" ಎಂದು ಹೇಳಿ ಹೋದಳು.

ಬಸಲಿಂಗನ ತಲೆಯಲ್ಲಿ ಅದೊಂದೇ ಕೊರೆಯತೊಡಗಿತು. ಕೇಳಿಸಿಕೊಳ್ಳಲು ಇಷ್ಟು ಜನ, ಹೇಳಲು ಒಬ್ಬಳು. ವಾರ ಕಳೆಯುವುದರೊಳಗೆ ಅವನು ತನ್ನ ಅಂಗಡಿ ಮುಚ್ಚಿ, ಕಲ್ಲಿಗೆ ಎದುರಾಗಿ, ಒಂದು ಬಾಗಿಲಷ್ಟೇ ಅಗಲದ ಜಾಗ ಹಿಡಿದು ಬೋರ್ಡು ತೂಗುಹಾಕಿದ: 'ಹಿಮ್ಮಡಿ ಒಡೆದವರಿಗೆ ಮಾತ್ರ.'

ಜನ ನಕ್ಕರು, ಆಮೇಲೆ ಒಳಗೆ ಹೋದರು. ಒಳಗೆ ಸರಕೇ ಇರಲಿಲ್ಲ. ಒಂದು ಬೆಂಚು, ಬಸಲಿಂಗ, ಅವನ ಮಾತು, ಇಷ್ಟೇ. ಹಿಮ್ಮಡಿಯೆಂದರೇನು, ಅದರ ಮಹತ್ವವೇನು, ಹಿಂದಿನವರು ಅದನ್ನು ಹೇಗೆ ಕಾಪಾಡಿಕೊಂಡರು, ಒಡೆಯುವುದಕ್ಕೆ ಕಾರಣಗಳು ಎಷ್ಟು ಎಂದು ಅವನು ಸಾವಕಾಶವಾಗಿ ಹೇಳುತ್ತಿದ್ದ. ಕೇಳುವವನಿಗೆ ಆಕಳಿಕೆ ಬರುವ ಹೊತ್ತಿಗೆ ಹಾಲಜ್ಜಿಯ ಎಣ್ಣೆ ಮೇಣದ ಮಾತನ್ನು ತನ್ನದೆಂಬಂತೆ ಹೇಳಿ, ಎದುರು ಸಾಲಿನ ಗಾಣದವನ ಕಡೆ ಕೈ ತೋರಿಸುತ್ತಿದ್ದ. ಗಾಣದವನು ಇವನ ಕೈ ಬೆಚ್ಚಗೆ ಮಾಡುತ್ತಿದ್ದ. ಹೀಗೆ ನೋವು ಒಬ್ಬನದು, ಉತ್ತರ ಒಬ್ಬಳದು, ಎಣ್ಣೆ ಇನ್ನೊಬ್ಬನದು, ಬದುಕು ಬಸಲಿಂಗನದು. ಇದರಲ್ಲಿ ಯಾರಿಗೇನು ನಷ್ಟ ಎಂದು ಅವನು ಕೇಳುತ್ತಿದ್ದ. ಹಾಲಜ್ಜಿಯೂ ಕೇಳಿ ನಕ್ಕಳು.

ಒಂದು ಅಂಗಡಿ ಐದಾಯಿತು, ಐದು ಬೀದಿಯಾಯಿತು. ಗೊರಕೆ ಹೊಡೆಯುವವರ ಹೆಂಡಂದಿರಿಗೆ ಮಾತ್ರ. ಎಡಗೈಯ ದರ್ಜಿಗಳಿಗೆ ಮಾತ್ರ. ನಾಯಿಗೆ ಹೆದರುವ ಟಪಾಲಿನವರಿಗೆ ಮಾತ್ರ. ಬಸಲಿಂಗ ಕೊಟ್ರೇಶಿ ಎಂಬವನನ್ನು ಕೆಲಸಕ್ಕಿಟ್ಟುಕೊಂಡು ಕಲ್ಲಿನ ಬಳಿ ಕೂರಿಸಿ ವಿದ್ಯೆ ಹೇಳಿಕೊಟ್ಟ.

"ಕೇಳೋನ ಮುಖ ನೋಡಬ್ಯಾಡ, ಕನಿಕರ ಹುಟ್ಟುತೈತೆ. ಸುತ್ತ ಇರೋರ ಕತ್ತು ನೋಡು. ಎಷ್ಟು ಕತ್ತು ತಿರುಗಿದವು, ಎಷ್ಟು ಬಾಯಿ ತೆರೆದವು. ಕತ್ತು ಹೆಚ್ಚು, ಬಾಯಿ ಕಡಿಮೆ ಇದ್ದಲ್ಲಿ ಅಂಗಡಿ ಹಾಕು."

"ಕೇಳಿದೋನಿಗೆ ಗುಣ ಆಗದಿದ್ರೆ ಅಣ್ಣ?"

"ಆಗದಿದ್ರೆ ಮತ್ತೆ ಕೇಳ್ತಾನೆ. ಇನ್ನೊಂದು ಅಂಗಡಿ."

ಕೊಟ್ರೇಶಿ ಬುದ್ಧಿವಂತ. ಬೇಗ ಕಲಿತ, ಬೇಗ ಬಿಟ್ಟುಹೋದ, ಎದುರಿಗೇ ತನ್ನ ಬೀದಿ ಕಟ್ಟಿದ. ಅವನ ಹಿಂದೆ ಮತ್ತೂ ಹಲವರು ಬಂದರು. ಕಲ್ಲಿನ ಸುತ್ತ ಈಗ ಕತ್ತು ನೋಡುವವರೇ ತುಂಬಿಕೊಂಡರು. ಅವರು ಒಬ್ಬರ ಕತ್ತನ್ನು ಒಬ್ಬರು ನೋಡುತ್ತ ನಿಲ್ಲುತ್ತಿದ್ದರು, ಯಾರ ಕತ್ತೂ ತಿರುಗುತ್ತಿರಲಿಲ್ಲ. ಅಷ್ಟು ಅಂಗಡಿಗಳಿಗೆ ಸಾಲುವಷ್ಟು ನೋವು ಆ ಊರಿನಲ್ಲಿ ಇರಲಿಲ್ಲ. ಆಗ ಬಸಲಿಂಗ ಬಾಡಿಗೆಗೆ ಜನ ಹಿಡಿದು ಪ್ರಶ್ನೆ ಕೇಳಿಸತೊಡಗಿದ. ಯಾವ ಸಂಕಟಕ್ಕೆ ಗಿರಾಕಿ ಇದ್ದಾರೆಂದು ತಿಳಿಯಲು ಅದೇ ಸುಲಭದ ದಾರಿ. ಅಳುವುದನ್ನೂ ಅವನೇ ಕಲಿಸಿದ. ಕಲ್ಲು ಹತ್ತುವಾಗಲೇ ಅತ್ತರೆ ಜನ ನಂಬುವುದಿಲ್ಲ, ಮಾತಿನ ಅರ್ಧಕ್ಕೆ ಗಂಟಲು ಕಟ್ಟಬೇಕು, ಬೇಕಾದರೆ ತಾಯಿಯ ಮೇಲೆ ಆಣೆಯಿಡಬೇಕು, ಎನ್ನುತ್ತಿದ್ದ.

ಪ್ರಶ್ನೆ ಬಾಡಿಗೆಗೆ ಬಂದ ಮೇಲೆ ಉತ್ತರ ಹಿಂದುಳಿಯುತ್ತದೆಯೇ? ಗಾಣದವನ ಕಡೆಯವರು, ದರ್ಜಿಗಳಿಗೆ ಕತ್ತರಿ ಮಾರುವವನ ಕಡೆಯವರು ಬಂದು ಕಲ್ಲು ಮುಟ್ಟಿ "ನಾನು ಉಂಡಿದ್ದೇನೆ" ಎನ್ನತೊಡಗಿದರು. ವಾಡಿಕೆಯನ್ನು ಯಾರೂ ಮುರಿಯಲಿಲ್ಲ. ಮೊದಲಿಗಿಂತ ಹೆಚ್ಚು ಶಿಸ್ತಿನಿಂದಲೇ ಪಾಲಿಸಿದರು. ಒಬ್ಬನು ಉಂಡದ್ದೇನೆಂದು ಅವನ ಹೊಟ್ಟೆ ಬಗೆದು ನೋಡಲು ಬರುವುದಿಲ್ಲವಲ್ಲ! ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ, ಆದರೆ ಯಾರನ್ನೆಂದು ಬೈಯುವುದು?

ಹಾಲಜ್ಜಿ ಮಾತ್ರ ಬರುವುದನ್ನು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಎಳೆ ಬಾಣಂತಿಯೊಬ್ಬಳು ಮಗು ಎದೆಗೆ ಬಾಯಿ ಹಾಕುತ್ತಿಲ್ಲವೆಂದು ಕೇಳಿದಾಗ ಅವಳು ಮುಂದೆ ಬಂದು ಕಲ್ಲು ಮುಟ್ಟಿದಳು. ಬಾಣಂತಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀವು ಯಾವ ಅಂಗಡಿಯೋರು ಅಜ್ಜಿ?"

ಹಾಲಜ್ಜಿ ಕಲ್ಲಿನ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡಳು. ಅಂದಿನಿಂದ ಅವಳು ಗುಂಪಿನ ಹಿಂದೆ ನಿಲ್ಲುತ್ತಿದ್ದಳೇ ಹೊರತು ತುಟಿ ಬಿಚ್ಚಲಿಲ್ಲ.

ಇಂಥ ಹೊತ್ತಿನಲ್ಲಿ ಬಸಲಿಂಗನ ಮಗಳಿಗೆ ಮಾತು ನಿಂತಿತು. ನೀಲಿ ಒಂದು ಗಳಿಗೆ ಸುಮ್ಮನಿರದ ಹುಡುಗಿ. ಅಪ್ಪನ ಮೀಸೆಯ ಮೇಲೆ, ಅಡುಗೆಯ ಉಪ್ಪಿನ ಮೇಲೆ, ಹಾದಿಯಲ್ಲಿ ಹೋಗುವವರ ನಡಿಗೆಯ ಮೇಲೆ ಅವಳದೊಂದು ಮಾತು ಇದ್ದೇ ಇರುತ್ತಿತ್ತು. ಜ್ವರ ಬಂತು, ಬಿಟ್ಟಿತು, ಬಿಡುವಾಗ ಮಾತನ್ನೂ ಕೊಂಡೊಯ್ದಿತು. ವೈದ್ಯರು ನಾಲಗೆ ನೋಡಿ ನೆಟ್ಟಗಿದೆ ಎಂದರು, ಗಂಟಲು ನೋಡಿ ನೆಟ್ಟಗಿದೆ ಎಂದರು, ಆಮೇಲೆ ಕೈ ತೊಳೆದುಕೊಂಡು ಹೊರಟರು. ಮಗು ಊಟ ಮಾಡುತ್ತಿತ್ತು, ನಿದ್ದೆ ಮಾಡುತ್ತಿತ್ತು. ಕರೆದರೆ ತಿರುಗಿ ನೋಡುತ್ತಿತ್ತು, ಅಷ್ಟೇ. ಮನೆಯಲ್ಲಿ ಪಾತ್ರೆಯ ಸದ್ದಷ್ಟೇ ಉಳಿಯಿತು, ಆ ಸದ್ದನ್ನು ಬಸಲಿಂಗನಿಂದ ತಡೆದುಕೊಳ್ಳಲಾಗಲಿಲ್ಲ.

ಅವನ ಹೆಂಡತಿ ಸಿದ್ದಮ್ಮ ಒಂದು ದಿನ ಅವನ ಮುಂದೆ ತಟ್ಟೆಯಿಟ್ಟು ಕೇಳಿದಳು.

"ನಿಮ್ಮ ಬೀದೀಲಿ ಎಲ್ಲಾದಕ್ಕೂ ಅಂಗಡಿ ಐತಲ್ಲ. ಇದಕ್ಕೆ ಯಾವುದೈತೆ?"

"ಇಲ್ಲ. ಇದನ್ನ ಯಾರೂ ಕೇಳಿಲ್ಲ ಕಣೆ."

"ಹಂಗಾರೆ ನೀವು ಕೇಳ್ರಿ. ಉಂಡೋರು ಒಬ್ರಾದ್ರೂ ಇರ್ತಾರೆ."

ಇದ್ದರು. ಓದುವ ನಿಮಗೆ ಈಗಲೇ ಹೇಳಿಬಿಡುತ್ತೇನೆ. ಹಾಲಜ್ಜಿ ಆ ಊರಿಗೆ ಬರುವ ಮುಂಚೆ, ಅವಳ ಮಗನಿಗೂ ಜ್ವರ ಬಿಟ್ಟ ಮೇಲೆ ಹೀಗೆಯೇ ಮಾತು ನಿಂತಿತ್ತು, ಅವಳು ಅದನ್ನು ಮರಳಿ ತರಿಸಿದ್ದಳು. ಹೇಗೆಂದು ಅವಳೊಬ್ಬಳಿಗೆ ಗೊತ್ತಿತ್ತು. ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಬಸಲಿಂಗ ಚಪ್ಪಲಿ ಬಿಟ್ಟು ಕಲ್ಲು ಹತ್ತಿದ. ಅಷ್ಟು ವರ್ಷ ಅದರ ಪಕ್ಕದಲ್ಲೇ ಬದುಕಿದವನು ಅದನ್ನು ಹತ್ತಿದ್ದು ಅದೇ ಮೊದಲು. ಸುತ್ತ ಇದ್ದವರು ಎಚ್ಚೆತ್ತು ನಿಂತರು. ಗುರುವೇ ಖುದ್ದಾಗಿ ಬಂದಿದ್ದಾನೆಂದರೆ ಏನೋ ದೊಡ್ಡದೇ ಇರಬೇಕು ಎಂದು ಕೊಟ್ರೇಶಿ ಪಕ್ಕದವನ ಕಿವಿಯಲ್ಲಿ ಉಸುರಿದ.

"ನನ್ನ ಮಗಳಿಗೆ ಮಾತು ನಿಂತೈತೆ" ಎಂದ ಬಸಲಿಂಗ. "ಜ್ವರ ಬಿಟ್ಟಾಗಿನಿಂದ ಒಂದು ಅಕ್ಷರ ಆಡಿಲ್ಲ. ಇದನ್ನ ಉಂಡೋರು..." ಅಲ್ಲಿಗೆ ಅವನ ಗಂಟಲು ಕಟ್ಟಿತು.

ಗುಂಪಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಸರಿಯಾಗಿ ಮಾತಿನ ಅರ್ಧಕ್ಕೆ! ಕಲಿಸುವವನು ಮಾಡಿ ತೋರಿಸುವುದೇ ಬೇರೆ ಎಂದರು.

"ನಿಜ ಕಣ್ರಪ್ಪ! ನಮ್ಮವ್ವನಾಣೆ!"

ಈಗ ಎಲ್ಲರೂ ಗೊಳ್ಳೆಂದು ನಕ್ಕರು. ನಗದವಳು ಹಿಂದೆ ನಿಂತಿದ್ದ ಹಾಲಜ್ಜಿಯೊಬ್ಬಳೇ. ಅವಳು ಗುಂಪು ಸರಿಸಿಕೊಂಡು ಮುಂದೆ ಬಂದಳು. ಬಸಲಿಂಗನ ಮುಖ ಅರಳಿತು.

"ಬಸಲಿಂಗಪ್ಪ, ಇದು ಯಾವ ಅಂಗಡಿಗೆ?"

"ಯಾವುದಕ್ಕೂ ಅಲ್ಲಜ್ಜಿ. ಸುಳ್ಳಾಡಿದ್ರೆ ನನ್ನ ನಾಲಗೆ ಬಿದ್ದುಹೋಗ್ಲಿ."

"ಹಿಮ್ಮಡಿದೂ ನಂದೇ, ಗೊರಕೇದೂ ನಂದೇ ಒಯ್ದೆ. ಒಯ್ದಿದ್ದಕ್ಕೆ ನಂಗೆ ಬ್ಯಾಸರ ಇಲ್ಲ. ಆದ್ರೆ ಈಗ ನಾನು ಬಾಯಿ ಬಿಟ್ರೆ ನನ್ನನ್ನೇ ಯಾವ ಅಂಗಡಿಯೋಳು ಅಂತ ಕೇಳ್ತಾರೆ. ಇದೊಂದನ್ನ ನಾನು ಮಾರಾಕೆ ಬಿಡಾಕಿಲ್ಲ."

ಬಸಲಿಂಗ ಕಲ್ಲಿನಿಂದ ಜಿಗಿದು ಮನೆಗೆ ಓಡಿದ. ಮಗಳನ್ನು ಎತ್ತಿಕೊಂಡು ಬಂದು ಕಲ್ಲಿನ ಮೇಲೆ ನಿಲ್ಲಿಸಿದ. ಎರಡು ಜಡೆಯ ಹುಡುಗಿ ಅಷ್ಟು ಜನರ ನಡುವೆ ಸುಮ್ಮನೆ ನಿಂತಿದ್ದಳು. "ನೋಡ್ರಪ್ಪ, ನೀವೇ ಮಾತಾಡಿಸಿ ನೋಡ್ರಿ" ಎಂದು ಅವನು ಅಂಗಲಾಚಿದ. ಜನ ಮಾತಾಡಿಸಿದರು. ಹೆಸರು ಕೇಳಿದರು, ಬೆಲ್ಲ ತೋರಿಸಿದರು, ಒಬ್ಬ ಕಿವಿಯ ಹತ್ತಿರ ಚಪ್ಪಾಳೆ ಹೊಡೆದ. ಹುಡುಗಿ ಬೆಚ್ಚಿದಳು, ಬಾಯಿ ಬಿಡಲಿಲ್ಲ. "ಎಷ್ಟು ಚೆನ್ನಾಗಿ ತಯಾರು ಮಾಡ್ಯಾನೆ!" ಎಂದು ಎಲ್ಲರೂ ತಲೆದೂಗಿದರು. ಮಗಳ ಕಷ್ಟವನ್ನು ನಂಬಿಸಲು ಅವನಲ್ಲಿದ್ದದ್ದು ಮಗಳೊಬ್ಬಳೇ, ಅವಳೂ ಕೈಕೊಟ್ಟಂತಾಯಿತು. ಹಾಲಜ್ಜಿ ಗುಂಪಿನ ಹಿಂದಿನಿಂದ ಹುಡುಗಿಯನ್ನೇ ನೋಡಿ ಹೊರಟುಹೋದಳು. ಬಸಲಿಂಗ ಕಲ್ಲಿನ ಬುಡದಲ್ಲಿ ಕುಸಿದು, ಲೋಕದ ಪರಿವೆಯಿಲ್ಲದೆ ಅತ್ತ. ಅದನ್ನೂ ನೋಡಿ ಕಲಿತುಕೊಂಡವರಿದ್ದರು.

ಮರುದಿನ ಬೆಳಗಾಗುವಷ್ಟರಲ್ಲಿ ಕೊಟ್ರೇಶಿಯ ಬೀದಿಯಲ್ಲಿ ಹೊಸ ಬೋರ್ಡು ಎದ್ದಿತ್ತು: 'ಮಾತು ನಿಂತ ಮಕ್ಕಳಿಗೆ ಮಾತ್ರ.' ಕೆಳಗೆ ಎರಡು ಜಡೆಯ ಹುಡುಗಿಯ ಚಿತ್ರ. ನಿನ್ನೆ ಕಲ್ಲಿನ ಸುತ್ತ ಅಷ್ಟೂ ಕತ್ತುಗಳು ತಿರುಗಿದ್ದವು, ಒಂದು ಬಾಯಿಯೂ ತೆರೆದಿರಲಿಲ್ಲ. ಇಂಥ ಜಾಗವನ್ನು ಕೊಟ್ರೇಶಿ ಬಿಡುತ್ತಾನೆಯೇ?

ಆ ಅಂಗಡಿಯ ಒಳಗೆ ಏನಿದೆಯೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಬಸಲಿಂಗ. ಒಂದು ಬೆಂಚು, ಒಂದಿಷ್ಟು ಮಾತು. ಆದರೂ ಅವನು ನೀಲಿಯನ್ನು ಹೆಗಲಿಗೆ ಹಾಕಿಕೊಂಡು ಹೋದ. ಯಾರಾದರೂ ಕೊಟ್ರೇಶಿಯ ಕಿವಿಗೆ ನಿಜವಾದ ಉತ್ತರ ಹಾಕಿದ್ದರೆ? ತಿಳಿದವರು ತನ್ನ ಮುಂದೆ ಹೇಳಲು ಹಿಂಜರಿದು ಅವನಿಗೆ ಹೇಳಿದ್ದರೆ? ಹೀಗೆಂದುಕೊಂಡೇ ಅವನು ಬಾಗಿಲು ತೆರೆಯುವ ಮುಂಚೆ ಹೋಗಿ ಎಲ್ಲರಿಗಿಂತ ಮುಂದೆ ನಿಂತ. ಕೊಟ್ರೇಶಿ ಅವನನ್ನು ಕಂಡು ಕಣ್ಣು ಮಿಟುಕಿಸಿದ.

"ಅಣ್ಣ, ನೋಡಾಕೆ ಬಂದ್ಯಾ? ಕೂತ್ಕೋ, ತಪ್ಪಿದ್ರೆ ತಿದ್ದು."

"ಹೇಳೋ ಮಾರಾಯ, ನಿಂಗೆ ಏನು ಗೊತ್ತೈತೋ ಅದನ್ನ ಹೇಳು."

ಕೊಟ್ರೇಶಿ ಗಂಟಲು ಸರಿಮಾಡಿಕೊಂಡು, ಮಾತೆಂದರೇನು ಎಂಬಲ್ಲಿಂದ ಶುರುಮಾಡಿದ.

ಅತ್ತ ಹಾಲಜ್ಜಿಗೆ ಹಿಂದಿನ ದಿನದಿಂದ ಅನ್ನ ಸೇರಿರಲಿಲ್ಲ. ಮಾತಾಡಬೇಡವೆಂದು ಹೇಳಿಕೊಟ್ಟ ಮಗು ಹೇಳಿಕೊಟ್ಟವನ ಮುಖವನ್ನು ಕದ್ದಾದರೂ ನೋಡುತ್ತದೆ. ಆ ಹುಡುಗಿ ಒಮ್ಮೆಯೂ ಅಪ್ಪನ ಕಡೆ ನೋಡಿರಲಿಲ್ಲ, ತನ್ನ ಮಗನೂ ಹಾಗೆಯೇ ನೋಡುತ್ತಿರಲಿಲ್ಲ. ತಾನು ಎಂಥ ಕೆಲಸ ಮಾಡಿದೆ ಎಂದುಕೊಂಡಳು. ಕಲ್ಲೂ ಬೇಡ, ಜನವೂ ಬೇಡ, ನೇರವಾಗಿ ಅವನ ಮನೆಗೇ ಹೋಗಿ ಹೇಳಿಬಿಡುತ್ತೇನೆಂದು ಕೋಲೂರಿಕೊಂಡು ಹೊರಟಳು. ದಾರಿಯಲ್ಲಿ ಸಿಕ್ಕವನನ್ನು ಬಸಲಿಂಗನ ಮನೆ ಯಾವುದೆಂದು ಕೇಳಿದಳು.

"ಮನೇಲೆಲ್ಲಿ ಅದಾನೆ ಅಜ್ಜಿ? ಅಗಾ, ಆ ಹೊಸ ಅಂಗಡೀಲಿ."

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಬೋರ್ಡು ನೋಡಿದಳು, ಎರಡು ಜಡೆಯ ಚಿತ್ರ ನೋಡಿದಳು. ಬಾಗಿಲ ಹೊರಗೆ, ಇನ್ನೂ ಮಾತು ಬಾರದ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಸಾಲು. ಒಳಗೆ ಬೆಂಚಿನ ಮೇಲೆ, ಹೆಗಲಿಗೆ ಮಗಳನ್ನು ಹಾಕಿಕೊಂಡು, ಕೊಟ್ರೇಶಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಬಸಲಿಂಗನ ಬೆನ್ನು.

"ಇದು ಆ ಬಸಲಿಂಗಪ್ಪನೋರದೇ ಅಂಗಡಿಯೇನಜ್ಜಿ?" ಎಂದು ಸಾಲಿನ ಕೊನೆಯಲ್ಲಿದ್ದ ಹೆಂಗಸು ಕೇಳಿದಳು. "ಇಲ್ಲಿ ಗುಣ ಆಗ್ತೈತಾ?"

"ಇನ್ಯಾರದವ್ವಾ" ಎಂದಳು ಹಾಲಜ್ಜಿ. ಕೋಲೂರಿಕೊಂಡು ಬಂದ ದಾರಿಯಲ್ಲೇ ತಿರುಗಿದಳು.

ಬಸಲಿಂಗ ಕತ್ತು ಮುಂದೆ ಚಾಚಿ ಕೊಟ್ರೇಶಿಯ ಬಾಯನ್ನೇ ನೋಡುತ್ತಿದ್ದ. ಮುದುಕಿ ಬಂದದ್ದನ್ನೂ ಹೋದದ್ದನ್ನೂ ಕಂಡವಳು ಅವನ ಹೆಗಲ ಮೇಲಿದ್ದ ನೀಲಿಯೊಬ್ಬಳೇ. ಅವಳು ಬೀದಿಯ ತಿರುವಿನವರೆಗೂ ಆ ಬೆನ್ನನ್ನು ನೋಡಿದಳು, ಆಮೇಲೆ ಅಪ್ಪನ ಅಂಗಿಯನ್ನು ಹಿಡಿದು ಜಗ್ಗಿದಳು. ಅವನು, "ತಡಿಯವ್ವ, ಈಗ ಹೇಳ್ತಾನೆ" ಎಂದ.